ಅಕ್ಕ, ಕಾಲು

ನನ್ನ ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅವಳಿಗೆ ಆಟಿಸಂ ಇದೆ ಎಂದು ಡಾಕ್ಟರು ಹೇಳಿದಾಗ ಅವಳಿನ್ನೂ ಅಂಗನವಾಡಿಗೆ ಹೋಗುವ ವಯಸ್ಸಿನವಳು, ನಾನು ಹೈಸ್ಕೂಲಿಗೆ ಸೇರಿದ್ದೆ. ಹಾಗೆಂದರೇನು ಎಂದು ಅಪ್ಪ, ಅಮ್ಮನಿಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. ಅವಳಿಗೆ ಮಾತು ಕಡಿಮೆ, ಕರೆದರೆ ತಿರುಗಿ ನೋಡುತ್ತಿರಲಿಲ್ಲ, ಬಿಳಿ ಬಣ್ಣದ ತಿಂಡಿ ಮತ್ತು ಬಿಸ್ಕತ್ತು ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಇದಕ್ಕೆಲ್ಲ ನಾವು ನಿಧಾನವಾಗಿ ಹೊಂದಿಕೊಂಡೆವು. ಅವಳ ನಿದ್ದೆಗೆ ಮಾತ್ರ ಹೊಂದಿಕೊಳ್ಳಲು ಆಗಲಿಲ್ಲ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದ ಮನೆ. ಮುಂದಿನ ಹಾಲಿನಲ್ಲಿ ಅಪ್ಪನ ಎರಡು ಪವರ್‌ಲೂಮ್, ಹಿಂದೆ ಅಡುಗೆಮನೆ, ಪಕ್ಕದಲ್ಲಿ ಒಂದು ಕೋಣೆ. ಕೋಣೆಯಲ್ಲಿ ಅಮ್ಮ, ತಂಗಿ ಮತ್ತು ನಾನು ಮಲಗುತ್ತಿದ್ದೆವು. ತಂಗಿ ಮಲಗಿದ ಸ್ವಲ್ಪ ಹೊತ್ತಿಗೇ ಎದ್ದು ಕೂರುತ್ತಿದ್ದಳು. ಗೋಡೆಯವರೆಗೆ ನಡೆದು ಹೋಗಿ ವಾಪಸ್ ಬರುತ್ತಿದ್ದಳು. ಅಂಗಾಲನ್ನು ನೆಲಕ್ಕೆ ಉಜ್ಜುತ್ತಿದ್ದಳು. ಮತ್ತೆ ಮಲಗಿ ಹೊದಿಕೆ ಒದೆಯುತ್ತಿದ್ದಳು. ಎಷ್ಟೋ ದಿನ ಬೆಳಗಿನ ಹಾಲಿನವನು ಬರುವ ಹೊತ್ತಿಗೆ ಅವಳಿಗೆ ಕಣ್ಣು ಹತ್ತುತ್ತಿತ್ತು. ಆಗ ನಾವೆಲ್ಲ ಏಳಬೇಕಾಗುತ್ತಿತ್ತು.

ಒಂದು ಸಲ ನಿದ್ದೆಗಣ್ಣಿನಲ್ಲಿ ನನ್ನ ಕಾಲು ಅವಳ ಮೊಣಕಾಲಿನ ಮೇಲೆ ಬಿತ್ತು. ಅವಳು ಒದೆಯುವುದನ್ನು ನಿಲ್ಲಿಸಿ ಹಾಗೇ ಮಲಗಿಬಿಟ್ಟಳು. ಮರುದಿನ ನಾನು ಬೇಕೆಂದೇ ಕಾಲು ಹಾಕಿದೆ, ಆಗಲೂ ಮಲಗಿದಳು. ಕೆಲವು ವಾರ ಕಳೆದ ಮೇಲೆ ಒಂದು ರಾತ್ರಿ ಅವಳೇ ನನ್ನ ಭುಜ ತಟ್ಟಿ, "ಅಕ್ಕ, ಕಾಲು" ಎಂದಳು. ಅವಳು ಎರಡು ಮಾತು ಜೋಡಿಸಿ ಆಡಿದ್ದು ಅದೇ ಮೊದಲು. ಅಮ್ಮ ಬೆಳಿಗ್ಗೆ ಇಡೀ ಬೀದಿಗೆ ಸುದ್ದಿ ಹೇಳಿದರು. "ನಮ್ ಚಿಕ್ಕೋಳು ಅಕ್ಕನ್ನ ಕರುದ್ಲು ಕಣ್ರೀ!"

ಅಂದಿನಿಂದ ಅದೇ ನಮ್ಮ ಪದ್ಧತಿಯಾಯಿತು. ನನ್ನ ಎರಡೂ ಕಾಲು ಅವಳ ಕಾಲಿನ ಮೇಲೆ ಭಾರವಾಗಿ ಇರಬೇಕು. ನಿದ್ದೆಯಲ್ಲಿ ನಾನು ಮಗ್ಗುಲು ಬದಲಿಸಿದರೆ ಅವಳಿಗೆ ಎಚ್ಚರ, ಅವಳಿಗೆ ಎಚ್ಚರವಾದರೆ ನನಗೂ ಎಚ್ಚರ. ಪಿಯುಸಿ ಓದಿದ್ದು, ಡಿಗ್ರಿ ಮುಗಿಸಿದ್ದು, ಊರಾಚೆಯ ಗಾರ್ಮೆಂಟ್ಸ್ ಒಂದರಲ್ಲಿ ಬಟ್ಟೆ ಚೆಕ್ ಮಾಡುವ ಕೆಲಸಕ್ಕೆ ಸೇರಿದ್ದು, ಎಲ್ಲವೂ ಆ ತುಂಡು ತುಂಡು ನಿದ್ದೆಯಲ್ಲೇ. ಟೇಬಲ್ಲಿನ ಮೇಲೆ ಶರ್ಟು ಹರಡಿಕೊಂಡು ನಿಂತಲ್ಲೇ ತೂಕಡಿಸುತ್ತಿದ್ದೆ. ಪಕ್ಕದ ಟೇಬಲ್ಲಿನ ಗೆಳತಿ ಮೊಣಕೈಯಿಂದ ತಿವಿದು, "ಲೇ, ಸೂಪರ್‌ವೈಸರ್ ಬಂದ್ರು, ಕಣ್ಬಿಡೇ" ಎನ್ನುತ್ತಿದ್ದಳು.

ಮದ್ದು ಮಾಡದೆ ಇರಲಿಲ್ಲ. ದೃಷ್ಟಿ ತೆಗೆಸಿದೆವು, ತಾಯತ ಕಟ್ಟಿಸಿದೆವು. ಅದು ಕುತ್ತಿಗೆಗೆ ತಾಗುತ್ತದೆಂದು ಅವಳು ಅರ್ಧ ದಿನದಲ್ಲಿ ಕಿತ್ತೆಸೆದಳು. ಮಗ್ಗದ ಸದ್ದಿಗೇ ನಿದ್ದೆ ಬರುತ್ತಿಲ್ಲ ಎಂದು ಯಾರೋ ಅಂದದ್ದಕ್ಕೆ ಅಪ್ಪ ಒಂದು ಬೇಸಿಗೆ ಪೂರ್ತಿ ಸಂಜೆಯಾಗುತ್ತಲೇ ಮಗ್ಗ ನಿಲ್ಲಿಸಿದರು. ಏನೂ ಬದಲಾಗಲಿಲ್ಲ. ಹಗಲು ಚೆನ್ನಾಗಿ ಓಡಾಡಿಸಿ, ಸುಸ್ತಾದರೆ ತಾನೇ ಮಲಗುತ್ತಾಳೆ ಎಂದರು ಚಿಕ್ಕಪ್ಪ. ಅಮ್ಮ ಅವಳ ಕೈ ಹಿಡಿದು ದಿನವೂ ಕೆರೆಯ ಏರಿಯವರೆಗೆ ನಡೆಸಿಕೊಂಡು ಹೋದರು. ಅಮ್ಮನಿಗೆ ಮಂಡಿನೋವು ಬಂತು, ತಂಗಿಗೆ ನಿದ್ದೆ ಬರಲಿಲ್ಲ. ಊರಿನ ಡಾಕ್ಟರೊಬ್ಬರು ನಿದ್ದೆಗೆಂದು ಮಾತ್ರೆ ಬರೆದುಕೊಟ್ಟರು. ಅದರಿಂದ ಬೇಗ ಮಲಗುತ್ತಿದ್ದಳೇನೋ ನಿಜ, ಆದರೆ ಸ್ವಲ್ಪ ಹೊತ್ತಿಗೆ ಎದ್ದು ಮತ್ತೆ ಅದೇ ಮಾತು. ಅಕ್ಕ, ಕಾಲು.

ತಂಗಿ ದೊಡ್ಡವಳಾದ ಮೇಲೆ ಅದು ಇನ್ನೂ ಹೆಚ್ಚಾಯಿತು. ಈಗ ಅವಳು ನನ್ನಷ್ಟೇ ಎತ್ತರ. ಒದ್ದರೆ ನನ್ನ ಮೊಣಕಾಲ ಕೆಳಗೆ ನೀಲಿಗಟ್ಟುತ್ತಿತ್ತು.

ಆ ಹೊತ್ತಿನಲ್ಲೇ ನನಗೆ ಜಡಿಗೇನಹಳ್ಳಿಯ ಕಡೆಯಿಂದ ಸಂಬಂಧ ಬಂತು. ಅವರದು ತರಕಾರಿ ಬೆಳೆಯುವ ಮನೆತನ, ಹುಡುಗ ಹೊಸಕೋಟೆಯ ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ತಂಗಿಯ ವಿಷಯ ಮೊದಲೇ ಹೇಳುವುದು ಬೇಡವೆಂದು ಅಪ್ಪನ ಮನಸ್ಸು. ನಾನು ಒಪ್ಪಲಿಲ್ಲ. ಹುಡುಗನಿಗೆ ಫೋನಿನಲ್ಲಿ ಎಲ್ಲ ಹೇಳಿದೆ, ಕಾಲಿನ ವಿಷಯವನ್ನೂ ಸೇರಿಸಿ. ಅವರು, "ಹೇಳಿದ್ದು ಒಳ್ಳೇದಾಯ್ತು. ನಮ್ಮಮ್ಮಂಗೂ ಹೇಳ್ತೀನಿ. ಅವ್ರು ಒಂದ್ಸಲ ಬಂದು ನೋಡ್ಲಿ" ಎಂದರು.

ಹುಡುಗನ ತಾಯಿ ಒಂದು ಭಾನುವಾರ ಬೀನ್ಸು, ಕ್ಯಾರೆಟ್ಟು ತುಂಬಿದ ಚೀಲ ಹಿಡಿದುಕೊಂಡು ಬಂದರು. ನಮ್ಮ ಮನೆಗೆ ಯಾರೇ ಬಂದರೂ ತಂಗಿಯ ಕೆನ್ನೆ ಸವರಲು ಹೋಗಿ ಅವಳು ಕಿರುಚುವಂತೆ ಮಾಡುತ್ತಿದ್ದರು. ಇವರು ದೂರದಲ್ಲೇ ಕೂತು ನೋಡಿದರು. ಕಾಫಿ ಕುಡಿದು ಲೋಟ ಕೆಳಗಿಟ್ಟು ಅಮ್ಮನನ್ನು ಕೇಳಿದರು.

"ನಿಮ್ ಮಗ್ಳು ನಮ್ಮನೆಗೆ ಬಂದ್ಮೇಲೆ ಈ ಮಗು ಪಕ್ಕ ಯಾರು ಮಲಗ್ತಾರೆ?"

"ನಾನಿದೀನಲ್ಲ ಕಣಮ್ಮ, ನಾನೇ ಮಲಗ್ತೀನಿ."

"ಮಲ್ಗಿ ನೋಡಿದೀರಾ?"

ಅಮ್ಮ ಖಾಲಿ ಲೋಟ ಎತ್ತಿಕೊಂಡರು. ನಮ್ಮ ಮನೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ.

"ಮದ್ವೆ ಎಲ್ಲೂ ಓಡೋಗಲ್ಲ" ಎಂದರು ಅವರು. "ಮೊದ್ಲು ಈ ಮಗೂಗೆ ಒಂದು ದಾರಿ ನೋಡಿ. ಇಲ್ದಿದ್ರೆ ನಿಮ್ ಮಗ್ಳು ನಮ್ಮನೇಲಿದ್ರೂ ಜೀವ ಎಲ್ಲ ಇಲ್ಲೇ ಇರುತ್ತೆ."

ಅವರು ಹೋದ ಮೇಲೆ ನಾನು ಅಡುಗೆಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಸಂಬಂಧ ಬೇಡ ಎನ್ನುವುದಕ್ಕೆ ಇದು ನಯವಾದ ದಾರಿ ಎಂದೇ ನನಗನ್ನಿಸಿತ್ತು. ಆದರೆ ಅಂದು ರಾತ್ರಿ ಅಮ್ಮ ನನ್ನನ್ನು ಆಚೆ ಮಲಗಲು ಹೇಳಿ ತಾವೇ ತಂಗಿಯ ಪಕ್ಕ ಮಲಗಿ ಅವಳ ಮೇಲೆ ಕಾಲು ಹಾಕಿದರು. ಅಮ್ಮ ಸಣಕಲು, ಕಾಲಿನಲ್ಲಿ ಭಾರವೇ ಇಲ್ಲ. ತಂಗಿ ಅದನ್ನು ಎತ್ತಿ ಪಕ್ಕಕ್ಕಿಟ್ಟು, ಕತ್ತಲಲ್ಲಿ ನನ್ನನ್ನು ಹುಡುಕಿಕೊಂಡು ಬಂದಳು.

ಮುಂದಿನ ವಾರ ನಾವು ನಾಲ್ವರೂ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ಇಂಥ ಮಕ್ಕಳನ್ನೇ ನೋಡುವ ಒಬ್ಬ ಡಾಕ್ಟರಮ್ಮ ಇದ್ದಾರೆಂದು ತಂಗಿಯ ಶಾಲೆಯ ಟೀಚರ್ ಹೇಳಿದ್ದರು. ಡಾಕ್ಟರಮ್ಮ ತಂಗಿಗೆ ಒಂದು ಸ್ಪಂಜಿನ ಚೆಂಡು ಕೊಟ್ಟು ಅವಳ ಪಾಡಿಗೆ ಬಿಟ್ಟರು. ಆಟಿಸಂ ಇರುವ ಬಹಳ ಮಕ್ಕಳಿಗೆ ನಿದ್ದೆಯ ತೊಂದರೆ ಇರುತ್ತದೆ, ಒಬ್ಬೊಬ್ಬರದು ಒಂದೊಂದು ಕಾರಣ, ಹುಡುಕಬೇಕು ಅಷ್ಟೇ ಎಂದು ಹೇಳಿ ನಮ್ಮನ್ನು ಒಂದೊಂದಾಗಿ ಕೇಳುತ್ತಾ ಹೋದರು.

"ಅಕ್ಕನ ಕಾಲಿಲ್ದೆ ಮಲಗಲ್ಲ ಮೇಡಂ" ಎಂದರು ಅಮ್ಮ. "ಅಷ್ಟು ಹಚ್ಕೊಂಡಿದಾಳೆ."

"ಅದನ್ನ ಅವಳು ಹೇಗೆ ಕೇಳ್ತಾಳೆ? ಅವಳ ಮಾತಲ್ಲೇ ಹೇಳಿ."

"ಅಕ್ಕ, ಕಾಲು ಅಂತಾಳೆ" ಎಂದೆ ನಾನು.

"ಅಕ್ಕನ ಕಾಲು ಅಂತಾಳಾ?"

"ಇಲ್ಲ ಮೇಡಂ. ಅಕ್ಕ, ಕಾಲು. ಅಷ್ಟೇ."

"ಹಾಗಾದ್ರೆ ಅವಳು ತನ್ನ ಕಾಲಿನ ವಿಷಯ ಹೇಳ್ತಿರಬಹುದಲ್ವಾ?"

ನಾವು ಮೂವರೂ ಅವಳ ಕಡೆ ತಿರುಗಿದೆವು. ತಂಗಿ ಕುರ್ಚಿಯಲ್ಲಿ ಕೂತು ಚೆಂಡು ಅಮುಕುತ್ತಾ ಪಾದಗಳನ್ನು ಒಂದಕ್ಕೊಂದು ಉಜ್ಜುತ್ತಿದ್ದಳು. ಅದನ್ನು ನಾವು ನೋಡಿ ನೋಡಿ ನೋಡುವುದನ್ನೇ ಬಿಟ್ಟಿದ್ದೆವು.

ಅವಳು ಮಲಗಿದಾಗಿನ ಕಾಲಿನ ವಿಡಿಯೋ ಮಾಡಿ ಕಳಿಸಲು ಡಾಕ್ಟರಮ್ಮ ಹೇಳಿದರು. ಅಪ್ಪ ಮೊಬೈಲ್ ಹಿಡಿದು ಕೋಣೆಯ ಬಾಗಿಲಲ್ಲಿ ಕೂತರು, ನಾನು ಕಾಲು ಹಾಕದೆ ದೂರ ಮಲಗಿದೆ. ಬೆಳಿಗ್ಗೆ ವಿಡಿಯೋ ನೋಡುವಾಗ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಿದ್ದೆಯಲ್ಲೂ ಅವಳ ಕಾಲು ಸುಮ್ಮನಿರಲಿಲ್ಲ. ಬೆರಳು ಮಡಚುತ್ತಿತ್ತು, ಪಾದ ಎಳೆದುಕೊಳ್ಳುತ್ತಿತ್ತು, ಮತ್ತೆ ಮತ್ತೆ ಅದೇ.

ವಿಡಿಯೋ ನೋಡಿ ಡಾಕ್ಟರಮ್ಮ ಹೇಳಿದ ಪರೀಕ್ಷೆಗೆ ರಕ್ತ ಕೊಡಿಸುವುದು ದೊಡ್ಡ ಹರಸಾಹಸವಾಯಿತು. ಕೈಗೆ ಮೊದಲೇ ಮರಗಟ್ಟಿಸುವ ಮುಲಾಮು ಹಚ್ಚಿ, ಅವಳ ಇಷ್ಟದ ಬಿಳಿ ದುಪಟ್ಟಾ ತಲೆಗೆ ಸುತ್ತಿ, ಅಪ್ಪ ಹಿಂದಿನಿಂದ ಅಪ್ಪಿಕೊಂಡು ಕೂತರು. ರಿಪೋರ್ಟ್ ಬಂದಾಗ ಡಾಕ್ಟರಮ್ಮ ಫೋನಿನಲ್ಲೇ ವಿವರಿಸಿದರು. ರಕ್ತದ ಪ್ರಮಾಣ ಪರವಾಗಿಲ್ಲ, ಆದರೆ ಮೈಯಲ್ಲಿ ಶೇಖರವಾಗಿರಬೇಕಾದ ಕಬ್ಬಿಣಾಂಶ ತೀರಾ ಕಡಿಮೆ. ಮೊಸರನ್ನ, ಇಡ್ಲಿ, ಬಿಸ್ಕತ್ತಿನಲ್ಲೇ ಬೆಳೆದ ಮಗುವಿಗೆ ಅದು ಎಲ್ಲಿಂದ ಬರಬೇಕು? ಹೀಗೆ ಕಡಿಮೆಯಾದರೆ ಕೆಲವರಿಗೆ ಮಲಗಿದ ಕೂಡಲೇ ಕಾಲಿನೊಳಗೆ ಏನೋ ಹರಿದಾಡಿದಂತೆ, ಸೆಳೆದಂತೆ ಆಗುತ್ತದಂತೆ. ಎದ್ದು ನಡೆದರೆ, ಉಜ್ಜಿದರೆ, ಮೇಲಿಂದ ಒತ್ತಿದರೆ ಸ್ವಲ್ಪ ಹಾಯೆನಿಸುತ್ತದಂತೆ.

ಇಷ್ಟು ವರ್ಷ ಅವಳು ಹೇಳುತ್ತಲೇ ಇದ್ದದ್ದು ಅದನ್ನೇ. ಅವಳು ನನ್ನನ್ನು ಹಚ್ಚಿಕೊಂಡಿದ್ದಾಳೆ, ಅದಕ್ಕೇ ನನ್ನ ಕಾಲು ಬೇಕು ಎಂಬ ನಂಬಿಕೆಯಲ್ಲಿ ನಾನು ಎಷ್ಟೋ ನಿದ್ದೆಗೆಟ್ಟ ಬೆಳಗುಗಳನ್ನು ಸಹಿಸಿಕೊಂಡಿದ್ದೆ. ಅವತ್ತು ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ. ಅವಳ ನೋವಿಗೆ ಅತ್ತೆನೋ ನನಗಾಗಿ ಅತ್ತೆನೋ ಈಗಲೂ ಬಿಡಿಸಿ ಹೇಳಲಾರೆ.

ಔಷಧಿ ಅಂದರೆ ಕಪ್ಪನೆಯ ಸಿರಪ್. ಮೊಸರಿನಲ್ಲಿ ಬೆರೆಸುವ ಹಾಗಿಲ್ಲ, ಹಾಲು ಮೊಸರಿನ ಜೊತೆ ಅದು ಮೈಗೆ ಹತ್ತುವುದಿಲ್ಲ ಎಂದಿದ್ದರು. ಚಮಚ ಕಂಡರೆ ತಂಗಿ ಹಲ್ಲು ಕಚ್ಚುತ್ತಿದ್ದಳು. ಮೂಗು ಹಿಡಿದು ಕುಡಿಸಿ ಎಂದರು ಪಕ್ಕದ ಮನೆಯವರು. ಹಾಗೆ ಮಾಡಿದರೆ ನಾಳೆ ಇಡ್ಲಿಯನ್ನೂ ಬಿಟ್ಟಾಳು ಎಂದು ಅಮ್ಮನಿಗೆ ಭಯ. ಕೊನೆಗೆ ಉಪಾಯ ಹೂಡಿದ್ದು ಅಪ್ಪ. ತಂಗಿಗೆ ಸ್ಟ್ರಾದಲ್ಲಿ ಹೀರುವುದೆಂದರೆ ಇಷ್ಟ. ಅಪ್ಪ ಎರಡು ಸ್ಟೀಲ್ ಲೋಟ ತಂದು, ಒಂದರಲ್ಲಿ ಕಿತ್ತಳೆ ರಸಕ್ಕೆ ಸಿರಪ್ ಬೆರೆಸಿ, ಇನ್ನೊಂದರಲ್ಲಿ ಅದೇ ಬಣ್ಣ ಬರುವಂತೆ ಬೆಲ್ಲದ ನೀರು ಮಾಡಿಕೊಂಡು ಅವಳೆದುರು ಕೂತರು.

"ನೋಡವ್ವ, ನಾನು ಕುಡಿತೀನಿ. ಯಾರು ಮೊದ್ಲು ಖಾಲಿ ಮಾಡ್ತಾರೆ?"

ಮೊದಮೊದಲು ಅಪ್ಪ ಒಬ್ಬರೇ ಕುಡಿದರು. ಆಮೇಲೆ ಒಂದು ದಿನ ಅವಳು ಅಪ್ಪನ ಲೋಟ ಕಸಿದುಕೊಂಡು ಹೀರಿದಳು. ಅದಾಗಿ ಸ್ವಲ್ಪ ದಿನಕ್ಕೆ ತನ್ನದನ್ನೂ ಹೀರಿದಳು, ಮುಖ ಹಿಂಡಿದಳು, ಆದರೂ ಬಿಡಲಿಲ್ಲ. ಮಗ್ಗ ಶುರು ಮಾಡುವ ಮುನ್ನ ಹೀಗೆ ಅಪ್ಪ ಮಗಳು ಎದುರುಬದುರು ಕೂತು ಹೀರುವುದು ನಮ್ಮ ಮನೆಯ ಬೆಳಗಿನ ಕೆಲಸವಾಯಿತು.

ಬೇಗ ಏನೂ ಕಾಣದು, ಕಾಯಬೇಕು ಎಂದಿದ್ದರು ಡಾಕ್ಟರಮ್ಮ. ಕಾಯುವಷ್ಟು ದಿನವೂ ಅವರು ಹೇಳಿದ್ದನ್ನು ಮಾಡಿದೆವು. ರಾತ್ರಿ ಎಷ್ಟೇ ಕೆಟ್ಟರೂ ಬೆಳಿಗ್ಗೆ ಒಂದೇ ಹೊತ್ತಿಗೆ ಎಬ್ಬಿಸುವುದು, ಕತ್ತಲಾದ ಮೇಲೆ ಟಿವಿ ಆರಿಸುವುದು, ಮಲಗುವ ಮುಂಚೆ ಬೆಚ್ಚಗಿನ ನೀರಿನಲ್ಲಿ ಕಾಲು ಇಳಿಬಿಟ್ಟು ಕೂರಿಸುವುದು. ಹುಡುಗನ ಮನೆಯಿಂದ ಒಮ್ಮೆಯೂ ಅವಸರಿಸಲಿಲ್ಲ. ಆ ತಾಯಿ ಆಗಾಗ ಫೋನ್ ಮಾಡಿ, "ಮಗು ಮಲಗ್ತಾ?" ಎಂದಷ್ಟೇ ಕೇಳುತ್ತಿದ್ದರು. ನನ್ನ ಸಿಟ್ಟು ಯಾವಾಗ ಇಳಿಯಿತೋ ನನಗೇ ತಿಳಿಯಲಿಲ್ಲ.

ಅವರೆಕಾಯಿ ಕಾಲ ಮುಗಿಯುತ್ತಾ ಬಂದಿತ್ತು. ಒಂದು ದಿನ ಬೆಳಿಗ್ಗೆ ಎದ್ದಾಗ ನನ್ನ ಕಾಲು ನನ್ನ ಹಾಸಿಗೆಯ ಮೇಲೇ ಇತ್ತು. ತಂಗಿ ಆಚೆ ಮಗ್ಗುಲಾಗಿ ಮಲಗಿದ್ದಳು, ಹೊದಿಕೆ ಇನ್ನೂ ಮೈಮೇಲಿತ್ತು. ರಾತ್ರಿ ಅವಳು ನನ್ನನ್ನು ಕರೆದೇ ಇರಲಿಲ್ಲ. ಅಮ್ಮನನ್ನು ಎಬ್ಬಿಸಿ ತೋರಿಸಿದೆ. ಅಮ್ಮ ಪಿಸುಗುಟ್ಟಿದರು, "ಸುಮ್ನಿರೇ, ಮಾತಾಡ್ಬೇಡ."

ಮದುವೆ ನಿಶ್ಚಯವಾಯಿತು. ದಿನ ಹತ್ತಿರವಾಗುವಷ್ಟರಲ್ಲಿ ನನ್ನ ಹಾಸಿಗೆಯನ್ನು ಸ್ವಲ್ಪ ಸ್ವಲ್ಪವೇ ದೂರ ಸರಿಸಿದೆವು, ಮೊದಲು ಗೋಡೆಯ ಕಡೆಗೆ, ಆಮೇಲೆ ಬಾಗಿಲಿಗೆ, ಆಮೇಲೆ ಅಡುಗೆಮನೆಗೆ. ಒಂದೆರಡು ಸಲ ಅವಳು ಹುಡುಕಿಕೊಂಡು ಬಂದಳು. ಕೈ ಹಿಡಿದು ವಾಪಸ್ ಕರೆದುಕೊಂಡು ಹೋಗಿ ಮಲಗಿಸಿದೆ. ಹಿಂದಿನ ರಾತ್ರಿಯ ಆರತಕ್ಷತೆ ಬೇಡವೆಂದು ಎರಡೂ ಮನೆಯವರು ಮಾತಾಡಿಕೊಂಡು ಬೆಳಗಿನ ಮುಹೂರ್ತ ಮಾತ್ರ ಇಟ್ಟುಕೊಂಡರು. ಧಾರೆಯ ಹೊತ್ತಿಗೆ ತಂಗಿ ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿಕೊಂಡು ಬಂದು, ಅಕ್ಷತೆ ಹಾಕುವ ಬದಲು ತಿಂದು ನೋಡಿ, ಚಿಕ್ಕಮ್ಮನ ಜೊತೆ ಮನೆಗೆ ಹೋದಳು.

ಜಡಿಗೇನಹಳ್ಳಿಗೆ ಬಂದ ಹೊಸತರಲ್ಲಿ ನಾನು ದಿನವೂ ಮಲಗುವ ಮುಂಚೆ ಫೋನ್ ಮಾಡುತ್ತಿದ್ದೆ. "ಮಲ್ಗಿದಾಳೆ ಕಣೇ, ನೀನೂ ಮಲ್ಕೋ, ಫೋನಿಡು" ಎಂದು ಅಮ್ಮ ಗದರುತ್ತಿದ್ದರು. ಹಬ್ಬಕ್ಕೆ ದೇವನಹಳ್ಳಿ ಮೇಲೆ ಬಸ್ಸು ಬದಲಿಸಿಕೊಂಡು ಊರಿಗೆ ಹೋದಾಗ ತಂಗಿ ನನ್ನ ಬ್ಯಾಗು ಬಿಚ್ಚಿ ಬಿಸ್ಕತ್ತು ಹುಡುಕುತ್ತಾಳೆ, ಹತ್ತಿರ ಬಂದು ನನ್ನ ತಲೆಕೂದಲು ಮೂಸಿ ನೋಡುತ್ತಾಳೆ. ಅವಳಿಗೆ ನಾನು ಏನು ಎಂದು ಈಗ ಲೆಕ್ಕ ಹಾಕಲು ಹೋಗುವುದಿಲ್ಲ.

ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಜ್ವರ ಬಂದರೆ, ಶಾಲೆಗೆ ರಜೆ ಶುರುವಾದರೆ ಅವಳ ನಿದ್ದೆ ಮತ್ತೆ ಹದಗೆಡುತ್ತದೆ. ಆಗ ಅಪ್ಪ ಎದ್ದು ಅವಳ ಜೊತೆ ಹಾಲಿನಲ್ಲಿ ಓಡಾಡುತ್ತಾರೆ. ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾರೆ, ಕಡಿಮೆಯಾದರೆ ಮತ್ತೆ ಸಿರಪ್ಪು. ಆದರೂ ವಾರದಲ್ಲಿ ಹೆಚ್ಚಿನ ರಾತ್ರಿ ಆ ಮನೆಯಲ್ಲಿ ಎಲ್ಲರೂ ಮಲಗುತ್ತಾರೆ.

ಮೊನ್ನೆ ಬೆಳಿಗ್ಗೆ ಅತ್ತೆಯ ಜೊತೆ ಕೂತು ಬೀನ್ಸು ಬಿಡಿಸುತ್ತಿದ್ದೆ. ಅಮ್ಮನ ಫೋನ್ ಬಂತು. ಅಷ್ಟು ಹೊತ್ತಿಗೆ ಅವರು ಫೋನ್ ಮಾಡುವುದಿಲ್ಲ, ಕೈಯಲ್ಲಿದ್ದ ಬೀನ್ಸು ಮೊರಕ್ಕೆ ಹಾಕಿ ತಕ್ಷಣ ಎತ್ತಿಕೊಂಡೆ.

"ಏನಾಯ್ತಮ್ಮ?"

"ಏನಿಲ್ಲ ಕಣೇ, ಕನಸು ಬಿದ್ದಿತ್ತು. ನಮ್ಮಮ್ಮ ಬಂದಿದ್ರು. ಹಾಲು ಒಲೆ ಮೇಲಿಟ್ಟು ಎಲ್ಲೇ ಹೋಗಿದ್ದೆ ಅಂತ ಬೈತಿದ್ರು."

"ಅಷ್ಟಕ್ಕೆ ಫೋನ್ ಮಾಡಿದ್ಯಾ?"

"ನಂಗೆ ಕನಸು ಬೀಳೋ ಅಷ್ಟು ನಿದ್ದೆ ಬಂದು ಎಷ್ಟು ವರ್ಷ ಆಗಿತ್ತೋ ಏನೋ" ಎಂದು ಅಮ್ಮ ನಕ್ಕರು. ಕನಸಿನಲ್ಲಿ ತಮ್ಮಮ್ಮ ಉಟ್ಟಿದ್ದ ಸೀರೆಯ ಬಣ್ಣ ಹೇಳಿದರು, ಬೈದ ಮಾತನ್ನೆಲ್ಲ ಮತ್ತೊಮ್ಮೆ ಅದೇ ದನಿಯಲ್ಲಿ ಬೈದು ತೋರಿಸಿದರು. ನಾನು ಫೋನನ್ನು ಸ್ಪೀಕರಿಗೆ ಹಾಕಿ ಮೊರದ ಪಕ್ಕದಲ್ಲಿಟ್ಟೆ. ಅತ್ತೆಯೂ ಬೀನ್ಸು ಬಿಡಿಸುತ್ತಾ ಪೂರ್ತಿ ಕೇಳಿಸಿಕೊಂಡರು.