ಅಜ್ಜಿಯ ರಾಗಿ ಹೆಂಡದ ಮಡಕೆ

ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ಊರಿಗೆ ಬಿಯರ್ ಎಂದರೆ ಪೇಟೆಯ ಸರಕು. ಅಜ್ಜಿ ವರ್ಷಕ್ಕೊಮ್ಮೆ ಮನೆಯಲ್ಲಿ ಮಾಡುತ್ತಿದ್ದದ್ದೂ ಅದೇ ಕುಲದ್ದು ಎಂದು ಯಾರಿಗೂ ಹೊಳೆದಿರಲಿಲ್ಲ. ಬಿಯರ್ ಕಾರ್ಖಾನೆಯಲ್ಲೇ ದುಡಿಯುತ್ತಿದ್ದ ನನಗೂ ಹೊಳೆಯಲಿಲ್ಲ.

ಮಹಾಲಯ ಅಮಾವಾಸ್ಯೆಗೆ ಹತ್ತು ದಿನ ಇರುವಾಗ ಅಜ್ಜಿ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತಿದ್ದಳು. ಅದನ್ನು ಒಣಗಿಸಿ, ಬೀಸಿ, ಅಂಬಲಿ ಕಾಯಿಸಿ, ಆರಿದ ಮೇಲೆ ತನ್ನ ಅತ್ತೆಯ ಕಾಲದ ಒಂದು ಕರಿ ಮಡಕೆಗೆ ಸುರಿದು ಒಲೆಯ ಮಗ್ಗುಲಲ್ಲಿ ಇಡುತ್ತಿದ್ದಳು. ಎರಡು ಮೂರು ದಿನಕ್ಕೆ ಒಳಗೆ ಗುಳುಗುಳು ಸದ್ದು ಶುರುವಾಗುತ್ತಿತ್ತು. ಹಬ್ಬದ ದಿನ ತೀರಿಕೊಂಡವರಿಗೆ ಇಡುವ ಎಡೆಯಲ್ಲಿ, ಮಾಂಸದ ಸಾರಿನ ಪಕ್ಕ, ಒಂದು ಲೋಟ ಈ ರಾಗಿ ಹೆಂಡ ಇರಲೇಬೇಕು. ಬಾಗಿಲು ಮುಂದೆ ಮಾಡಿ ನಾವೆಲ್ಲ ಹೊರಗೆ ಕೂತರೆ ಹಿರಿಯರು ಬಂದು ಉಂಡು ಹೋಗುತ್ತಾರೆ ಎಂಬ ನಂಬಿಕೆ. ಅಬಕಾರಿಯವರ ಭಯ ಇದ್ದೇ ಇತ್ತು, ಆದರೂ ಆ ಒಂದು ಮಡಕೆಯನ್ನು ಅಜ್ಜಿ ಬಿಟ್ಟವಳಲ್ಲ.

ನಾನು ಕಾರ್ಖಾನೆಗೆ ಸೇರಿದ ವರ್ಷದ ಎಡೆ ಅಪ್ಪನಿಗೆ. ಬೇಸಿಗೆಯಲ್ಲಿ ಎದೆನೋವೆಂದು ಮಲಗಿದವನು ಮತ್ತೆ ಏಳಲಿಲ್ಲ. ಅಂಗಡಿಯ ಸಾರಾಯಿ ಮುಟ್ಟದ ಅಪ್ಪ ಅಜ್ಜಿಯ ಮಡಕೆಗೆ ಮಾತ್ರ ವರ್ಷವಿಡೀ ಕಾಯುತ್ತಿದ್ದ. ಹೆತ್ತ ಮಗನಿಗೆ ಇಡುವ ಮೊದಲ ಎಡೆ. ಅವನು ಬರಿಬಾಯಲ್ಲಿ ಹಿಂದಿರುಗಬಾರದು ಎಂಬುದೊಂದೇ ಅಜ್ಜಿಯ ಧ್ಯಾನವಾಗಿತ್ತು.

ನನಗೋ ಕೆಲಸ ಸಿಕ್ಕಿದ ಸೊಕ್ಕು. ಕಾರ್ಖಾನೆಯಲ್ಲಿ ನನ್ನದು ಟ್ಯಾಂಕ್ ತೊಳೆಯುವ ಕೆಲಸ. ಕಾಸ್ಟಿಕ್ ಸೋಡಾ, ಕುದಿನೀರು, ಮತ್ತೆ ಕುದಿನೀರು. ಅಷ್ಟು ತೊಳೆದರೂ ಸೂಪರ್‌ವೈಸರ್ ಇನ್ನೊಮ್ಮೆ ತೊಳಿ ಎನ್ನುತ್ತಿದ್ದ. ಹೀಗೆ ನಾಲ್ಕು ತಿಂಗಳಲ್ಲಿ ಮಹಾ ಶುಚಿವಂತನಾಗಿದ್ದ ನನ್ನ ಕಣ್ಣಿಗೆ ಅಟ್ಟದ ಮೇಲಿದ್ದ ಅಜ್ಜಿಯ ಮಡಕೆ ಬಿತ್ತು. ತಳದಲ್ಲಿ ಬೆರಳು ದಪ್ಪ ಕರೆ. ಅಜ್ಜಿ ಅದಕ್ಕೆ ಒಂದು ಚೊಂಬು ನೀರು ಹಾಕಿ ಚೆಲ್ಲಿ ಕವುಚಿಡುತ್ತಿದ್ದಳೇ ಹೊರತು ಎಂದೂ ಉಜ್ಜಿದವಳಲ್ಲ. ಅವಳು ಬಿಳಿಗೆರೆಯ ತಂಗಿಯ ಮನೆಗೆ ಹೋಗಿದ್ದಾಗ ವಾಷಿಂಗ್ ಸೋಡಾ ಹಾಕಿ, ತೆಂಗಿನ ನಾರಿನಲ್ಲಿ ಕರೆ ಕಿತ್ತು, ಕುದಿನೀರು ಹುಯ್ದು, ಬಿಸಿಲಿಗಿಟ್ಟು ಮತ್ತೆ ಅಟ್ಟಕ್ಕೇರಿಸಿದೆ. ಅಪ್ಪನಿಗಾಗಿ ನಾನೂ ಏನೋ ಮಾಡಿದೆ ಎಂದು ಹೆಮ್ಮೆಪಟ್ಟೆ.

ಆ ಸಲ ಮಡಕೆ ಸದ್ದು ಮಾಡಲಿಲ್ಲ. ಅಜ್ಜಿ ದಿನಕ್ಕೆ ಹತ್ತು ಸಲ ಕಿವಿ ಇಟ್ಟು ಕೇಳಿದಳು. ಸುತ್ತ ಬಿಸಿಬೂದಿ ಒತ್ತಿದಳು, ಗೋಣಿ ಹೊದಿಸಿದಳು. ಹಬ್ಬದ ದಿನ ಮಡಕೆಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರೆ ಮೇಲೆಲ್ಲ ಹಸಿರು ಬೂಸಲು, ಮುಗ್ಗಲು ನಾತ. ತೊಳೆದದ್ದಕ್ಕೂ ಇದಕ್ಕೂ ಏನೋ ನಂಟಿದೆ ಎಂಬ ಅನುಮಾನ ನನಗೆ ಬಂತು. ಬಾಯಿ ಬಿಡಲಿಲ್ಲ. ಓಡಿಹೋಗಿ ನಂಜನಗೂಡಿನಿಂದ ಒಂದು ಬಾಟಲಿ ಬಿಯರ್ ತಂದೆ.

ಅಜ್ಜಿ ಅದನ್ನೇ ಲೋಟಕ್ಕೆ ಬಗ್ಗಿಸಿದಳು. ಎಡೆಯ ಮುಂದೆ, ನೆಂಟರೆಲ್ಲ ನಿಂತಿರುವಾಗ, ಸೆರಗೊಡ್ಡಿ ಅಪ್ಪನಿಗೆ ಹೇಳಿದಳು: "ನನ್ ಕೈಗುಣ ಓಯ್ತು ಕಣಪ್ಪ. ಈ ಮುದ್ಕಿ ಮೇಲೆ ಬ್ಯಾಸ್ರ ಮಾಡ್ಕಬ್ಯಾಡ." ಅಂದು ಅವಳು ಉಣ್ಣಲಿಲ್ಲ. ನಾನು ಉಂಡೆ. ಮುಂದಿನ ವರ್ಷದಿಂದ ಅವಳು ರಾಗಿ ನೆನೆಹಾಕಲೇ ಇಲ್ಲ. ಕೇಳಿದವರಿಗೆಲ್ಲ ಕೈಗುಣದ ಮಾತೇ.

ಎರಡು ವರ್ಷದ ಮೇಲೆ ಕಾರ್ಖಾನೆಯಲ್ಲಿ ಒಂದು ಟ್ರೈನಿಂಗ್ ಕೊಟ್ಟರು. ಬಿಯರ್ ಸಾವಿರಾರು ವರ್ಷ ಹಳೆಯದು, ಹಿಂದೆ ಹೆಂಗಸರೇ ಮನೆಯಲ್ಲಿ ಮೊಳಕೆ ಕಾಳಿನಿಂದ ಮಾಡುತ್ತಿದ್ದರು ಎಂದ ಆಫೀಸರು, ಹುದುಗು ಬರಿಸುವ ಯೀಸ್ಟ್ ಎಂಬುದು ಗೊತ್ತೇ ಇಲ್ಲದ ಕಾಲದಲ್ಲಿ ಅದು ಹಳೆ ಪಾತ್ರೆಯ ಕರೆಯಲ್ಲಿ ಉಳಿದುಕೊಂಡು ಬರುತ್ತಿತ್ತು ಎಂದರು. ತೊಳೆಯದ ಪಾತ್ರೆ ಎಂದು ಎಲ್ಲರೂ ನಕ್ಕರು. ನನಗೆ ಅಜ್ಜಿಯ ಕರಿ ಮಡಕೆ ನೆನಪಾಯಿತು. ಅಜ್ಜಿಯ ಅತ್ತೆ, ಅವಳ ಅತ್ತೆ, ಅಷ್ಟು ಜನ ಕಾಪಾಡಿಕೊಂಡು ಬಂದದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ಚರಂಡಿಗೆ ಚೆಲ್ಲಿದ್ದೆ.

ಮನೆಗೆ ಬಂದವನೇ ಅಜ್ಜಿಯ ಮುಂದೆ ಕೂತು ಎಲ್ಲ ಒಪ್ಪಿಕೊಂಡೆ. ಅವಳು ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಲಿಲ್ಲ.

"ಅಂಬ್ಲಿ ಉಯ್ವಾಗ್ಲೇ ಗೊತ್ತಾಯ್ತು ಕಣ್ಲಾ, ನೀನು ತೊಳ್ದಿದ್ದೀಯ ಅಂತ. ನಿಮ್ಮಪ್ಪ ನಿನ್ ಮೇಲೆ ಮುನಿಸ್ಕಂಡು ಓಗ್ಬಾರ್ದು ಅಂತ ತಪ್ನ ನನ್ ಮೇಲೆ ಆಕ್ಕಂಡೆ."