ಪಾತ್ರೆ ಹಲಗೆಯ ಮೇಲಿನ ನಕ್ಷೆ

ಮದರಾಸಿನಲ್ಲಿ ಎಂ.ಎ. ಓದುತ್ತಿದ್ದಾಗ ನನ್ನ ವಿಷಯ ಏನೆಂದು ನೆಂಟರಿಗೆ ತಿಳಿಹೇಳುವುದರಲ್ಲೇ ನನ್ನ ಅರ್ಧ ರಜೆ ಕಳೆದುಹೋಗುತ್ತಿತ್ತು. ದೇಶ ದೇಶಗಳ ಸಂಬಂಧ, ಗಡಿ, ಸೈನ್ಯ, ಯುದ್ಧತಂತ್ರ ಎಂದೆಲ್ಲ ನಾನು ಶುರು ಮಾಡಿದರೆ ಕ್ಯಾಸಂಬಳ್ಳಿಯ ಸೋದರಮಾವ, "ಯುದ್ಧ ಮಾಡೋರು ಸಂಬಳ ಈಸ್ಕೊಂಡು ಮಾಡ್ತಾರೆ, ನೀನು ಫೀಸು ಕಟ್ಟಿ ಓದ್ತೀಯಾ? ಒಳ್ಳೆ ಕತೆ ಕಣ್ಲಾ" ಎಂದು ನಗುತ್ತಿದ್ದ. ನನಗೆ ಮೈ ಉರಿಯುತ್ತಿತ್ತು. ಆಗ ನನಗೆ ಮೂಗಿನ ತುದಿಯಲ್ಲೇ ಕೋಪ, ಜೊತೆಗೆ ನಾಲ್ಕು ಇಂಗ್ಲಿಷ್ ಪುಸ್ತಕ ಓದಿದ ಜಂಬ ಬೇರೆ.

ನಮ್ಮ ಪ್ರೊಫೆಸರು ಪಾಠದ ನಡುವೆ ಪದೇ ಪದೇ ಒಂದು ಮಾತು ಹೇಳುತ್ತಿದ್ದರು: ಎದುರಿನವನ ನಕ್ಷೆ ನೋಡದೆ ನಿನ್ನ ಗಡಿಯ ಬಗ್ಗೆ ಬರೆಯಬೇಡ. ನಾನು ಪ್ರಬಂಧಕ್ಕೆ ಆರಿಸಿಕೊಂಡಿದ್ದು ಚೀನಾದ ಜೊತೆಗಿನ ಗಡಿ ತಕರಾರು. ಹಾಗಾಗಿ ಆ ದೇಶದ ದೆಹಲಿ ಕಚೇರಿಗೆ, ನಿಮ್ಮ ಪುಸ್ತಿಕೆ, ನಕ್ಷೆ ಇದ್ದರೆ ಕಳಿಸಿ ಎಂದು ಒಂದು ಕಾಗದ ಬರೆದೆ. ಆ ಕಾಲಕ್ಕೆ ಅದು ದೊಡ್ಡ ಸಂಗತಿಯೇನಲ್ಲ. ಬಣ್ಣದ ಪತ್ರಿಕೆಗಳು ಪುಕ್ಕಟೆ ಸಿಗುತ್ತವೆಂದು ಹುಡುಗರು ಎಲ್ಲ ದೇಶಗಳವರಿಗೂ ಬರೆಯುತ್ತಿದ್ದರು. ಹಾಸ್ಟೆಲಿನಲ್ಲಿ ಟಪಾಲು ಕೈತಪ್ಪುತ್ತಿತ್ತೆಂದು ಕೋಲಾರ ಚಿನ್ನದ ಗಣಿ ಕೆಲಸಗಾರರ ಸಾಲಿನಲ್ಲಿದ್ದ ನಮ್ಮ ಲೈನ್ ಮನೆಯ ವಿಳಾಸ ಕೊಟ್ಟೆ. ನಾನು ಮಾಡಿದ ತಪ್ಪು ಅದೇ.

ದೀಪಾವಳಿಗೆ ಮನೆಗೆ ಬರುವ ಹೊತ್ತಿಗೆ ಚೀನಾ ಜೊತೆ ಯುದ್ಧವೇ ಶುರುವಾಗಿತ್ತು. ರಾಬರ್ಟ್‌ಸನ್‌ಪೇಟೆಯ ಹೋಟೆಲುಗಳಲ್ಲಿ ರೇಡಿಯೋ ಸುತ್ತ ಜನ. ಬಂಗಾರಪೇಟೆಯಲ್ಲಿ ರೈಲು ಇಳಿದಾಗಲೇ ನನಗೆ ಆ ಕಾಗದ ನೆನಪಾಗಿತ್ತು. ಶತ್ರು ದೇಶದ ಕಟ್ಟು ನನ್ನ ಹೆಸರಿಗೆ, ಅದೂ ಗಣಿಯ ಮನೆಗೆ ಬಂದರೆ ಏನು ಗತಿ? ನನ್ನ ಓದು ಹೋಗಲಿ, ಅಪ್ಪನ ಕೆಲಸ?

ಅಪ್ಪ ಗಣಿಯ ಗೇಟಿನಲ್ಲಿ ಜಡ್ತಿ ಮಾಡುವವನು. ಪಾಳಿ ಮುಗಿಸಿ ಮೇಲೆ ಬಂದವರ ಬಟ್ಟೆ ಕೊಡವಿಸಿ, ಬುತ್ತಿ ಬಿಚ್ಚಿಸಿ, ಬಾಯಿ ತೆರೆಸಿ, ಚಿನ್ನದ ಚೂರೇನಾದರೂ ಇದೆಯೇ ಎಂದು ನೋಡುವ ಕೆಲಸ. ಅದಕ್ಕೆ ಮೊದಲು ಹಲವು ವರ್ಷ ಸುರಂಗದಲ್ಲಿ ದುಡಿದು ಎದೆಗೆ ಕೆಮ್ಮು ಹತ್ತಿಸಿಕೊಂಡಿದ್ದ. ಪ್ರಾಮಾಣಿಕ ಎಂದು ಹೆಸರಿದ್ದುದರಿಂದ ಈ ಕೆಲಸಕ್ಕೆ ಹಾಕಿದ್ದರು. ಸ್ವಂತ ಷಡ್ಡಕನನ್ನೇ ಹಿಡಿದುಕೊಟ್ಟ ಮನುಷ್ಯ. ಈ ಕೆಲಸ ಹೋದರೆ ಮತ್ತೆ ಸುರಂಗವೇ, ಅದೂ ಸಿಕ್ಕರೆ.

ದಿನಾ ಬೆಳಗ್ಗೆ ಟಪಾಲು ಬರುವ ಹೊತ್ತಿಗೆ ಅಂಚೆ ಕಚೇರಿಯ ಮುಂದೆ ಹೋಗಿ ನಿಲ್ಲುತ್ತಿದ್ದೆ. ಕಟ್ಟು ಬಂದರೆ ಅಲ್ಲೇ ಈಸಿಕೊಂಡು ಸುಟ್ಟುಬಿಡುವುದು ನನ್ನ ಯುದ್ಧತಂತ್ರ. ಅಂಚೆಯವನು, "ಇವತ್ತೂ ಇಲ್ಲ ತಂಬಿ. ಯಾರಪ್ಪಾ ಆ ಹುಡುಗಿ, ಮದರಾಸಾ?" ಎಂದು ಕಾಡುತ್ತಿದ್ದ. ನಾನು ಹಲ್ಲು ಕಿರಿದು ವಾಪಸು ಬರುತ್ತಿದ್ದೆ.  ಬಾಗಿಲಲ್ಲಿ ಯಾರ ಸೈಕಲ್ ನಿಂತರೂ ಎದ್ದು ಹೋಗಿ ಇಣುಕುತ್ತಿದ್ದೆ. ಸೈನ್ಯಕ್ಕೆ ಸರಬರಾಜು ಹೇಗೆ ತಲುಪಬೇಕೆಂದು ಪುಟಗಟ್ಟಲೆ ಬರೆದವನಿಗೆ ಒಂದು ಅಂಚೆಯ ಕಟ್ಟನ್ನು ತಡೆಯುವ ಯೋಚನೆಯಲ್ಲಿ ನಿದ್ದೆ ಬರದಾಯಿತು.

ಒಂದು ಮಧ್ಯಾಹ್ನ ಅಪ್ಪ ಪಾಳಿ ಮುಗಿಸಿ ಊಟಕ್ಕೆ ಕೂತಿದ್ದಾಗ ಬಿಳಿ ಅಂಗಿಯ ಒಬ್ಬರು ಬಂದರು. ಪೊಲೀಸ್ ಕಡೆಯವರು. ಅಪ್ಪನಿಗೆ ಮುಖಪರಿಚಯ ಇತ್ತು. ಅಮ್ಮ ಕೊಳಾಯಿಗೆ ಹೋಗಿದ್ದಳು.

"ನಿಮ್ಮ ಹುಡುಗನ ಹೆಸರಿಗೆ ಚೀನಾದವರ ಕಡೆಯಿಂದ ಏನಾದ್ರೂ ಬಂದಿತ್ತಾ?" ಎಂದು ಅವರು ಕೇಳಿದರು.

"ಇಲ್ಲ ಸಾರ್" ಎಂದೆ. ಸುಳ್ಳಲ್ಲ, ನನಗೆ ತಿಳಿದ ಮಟ್ಟಿಗೆ ನಿಜವೇ. ಹಾಗೆಂದವನು ತಲೆ ಎತ್ತಿದರೆ ಎದುರಿಗೇ ಪಾತ್ರೆಯ ಹಲಗೆ. ಹಬ್ಬದ ಶುಚಿ ಮುಗಿಸಿದ ಅಮ್ಮ ಅವತ್ತು ಬೆಳಗ್ಗೆ, ನಾನು ಅಂಚೆ ಕಚೇರಿಯ ಮುಂದೆ ಕಾಯುತ್ತಿದ್ದಾಗ, ಹಲಗೆಗೆ ಹೊಸ ಕಾಗದ ಹಾಸಿದ್ದಳು. ನುಣುಪಾದ ಬಣ್ಣದ ಕಾಗದ. ಮುಂದೆ ಇಳಿಬಿದ್ದ ಅಂಚನ್ನು ಕತ್ತರಿಯಲ್ಲಿ ಅಂದವಾಗಿ ಹಲ್ಲುಹಲ್ಲಾಗಿ ಕತ್ತರಿಸಿದ್ದಳು. ಅದು ನಕ್ಷೆ. ನಮ್ಮ ಗಡಿಯ ಬೆಟ್ಟಗಳೆಲ್ಲ ಚೀನಾದ ಬಣ್ಣದಲ್ಲಿದ್ದವು. ಟಿಬೆಟ್ಟಿನ ಮೇಲೆ ಹುಣಸೆಹಣ್ಣಿನ ಜಾಡಿ ಕೂತಿತ್ತು.

ಕಟ್ಟು ನಾನು ಬರುವ ಮೊದಲೇ ಬಂದಿತ್ತಂತೆ. ಪುಸ್ತಿಕೆಗಳು ನೀರೊಲೆಗೆ ಹೋಗಿದ್ದವು. "ನೀರ್ ಬಿದ್ರೂ ನೆನೀದ ಕಾಗ್ದ ಅಂತ ಇದೊಂದು ಎತ್ತಿಟ್ಟೆ ಕಣಪ್ಪಾ, ನಿಂಗ್ ಏಳೋದೇ ಮರ್ತೋಯ್ತು" ಎಂದು ಆಮೇಲೆ ಅಮ್ಮ ಅತ್ತಳು.

ನಾನು ಹಲಗೆಯನ್ನು ಒಮ್ಮೆ ನೋಡಿ, ಮತ್ತೆ ಆ ಕಡೆ ಕಣ್ಣು ಹಾಯಿಸಲಿಲ್ಲ. ಅಷ್ಟು ಸಾಕಾಯಿತು ಅಪ್ಪನಿಗೆ. ಮಾಲು ಇಟ್ಟಿರುವ ಜಾಗವನ್ನು ಕಳ್ಳ ಒಂದೇ ಸಲ ನೋಡುತ್ತಾನೆ, ಆಮೇಲೆ ಸತ್ತರೂ ನೋಡುವುದಿಲ್ಲ ಎಂದು ಅವನೇ ಹೇಳುತ್ತಿದ್ದ. ಅಪ್ಪ ತುತ್ತು ಕೈಯಲ್ಲಿ ಹಿಡಿದು ನನ್ನ ಮುಖವನ್ನೇ ನೋಡಿದ. ಗೇಟಿನಲ್ಲಿ ನಿಂತವರನ್ನು ಅವನು ಹಾಗೆ ನೋಡುವುದನ್ನು ಕಂಡಿದ್ದೆ. ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ಹಿಡಿದುಕೊಡುತ್ತಾನೆ ಎಂದುಕೊಂಡೆ.

ಅಷ್ಟರಲ್ಲಿ ಬಂದವರ ಕಣ್ಣೂ ಹಲಗೆಯ ಮೇಲೆ ಬಿತ್ತು. ಎದ್ದು ಹೋಗಿ ಜಾಡಿ ಸರಿಸಿದರು. "ಏನ್ರೀ ಇದು?"



"ಆ ಕಾಗ್ದಾನಾ ಸ್ವಾಮಿ?" ಅಪ್ಪ ಕೈ ತೊಳೆದು ಎದ್ದ. "ರಾಬರ್ಟ್‌ಸನ್‌ಪೇಟೆ ರದ್ದಿ ಅಂಗ್ಡೀಲಿ ನಾನೇ ತಂದಿದ್ದು. ಅದ್ರಾಗೆ ಏನೈತೆ ಅಂತ ನಂಗೆ ಓದಾಕೆ ಬರಾಕಿಲ್ಲ."

ಅವರು ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು. "ನೀವು ಹೇಳ್ತಿದ್ದೀರಿ ಅಂತ ನಂಬ್ತೀನಿ. ಬೇರೆಯವರಾಗಿದ್ರೆ ಬಿಡ್ತಿರಲಿಲ್ಲ" ಎಂದು ನಕ್ಷೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಹೋದರು. ಅಪ್ಪ ಮತ್ತೆ ಊಟಕ್ಕೆ ಕೂರಲಿಲ್ಲ.  

ಎರಡು ದಿನ ಬಿಟ್ಟು ಮದರಾಸಿಗೆ ಹೊರಟಾಗ ಬಂಗಾರಪೇಟೆ ಸ್ಟೇಷನ್ನಿಗೆ ಅಪ್ಪನೂ ಬಂದ. ನನಗೆ ತಡೆಯಲಾಗಲಿಲ್ಲ. "ಅಪ್ಪಾ, ನಾನೇ ಪೊಲೀಸ್ನೋರತ್ರ ಹೋಗಿ ನಿಜ ಹೇಳ್ಬಿಡ್ತೀನಿ" ಎಂದೆ.

"ಬ್ಯಾಡ. ಸುಮ್ಕೆ ಓಗಿ ಓದ್ಕೊ." ರೈಲು ಬರುವ ಕಡೆ ನೋಡುತ್ತಾ, "ಗೇಟಿನ್ ಕೆಲ್ಸ ಬ್ಯಾಡ ಅಂತ ಬರ್ಸಿ ಕೊಟ್ಟೆ" ಎಂದ.

"ಯಾಕಪ್ಪಾ? ಅವರು ನಂಬಿದರಲ್ಲ!"

"ನಂಬುದ್ರು ಕಣ್ಲಾ. ಅದುಕ್ಕೇ. ಇನ್ ಮ್ಯಾಲೆ ಇನ್ನೊಬ್ನಿಗೆ ಬಾಯಿ ತೆಗಿ ಅಂತ ಯಾವ್ ಮಕ ಇಟ್ಕೊಂಡು ಅನ್ಲಿ?"

"ಮತ್ತೆ ಯಾವ ಕೆಲಸ ಕೊಡ್ತಾರಂತೆ?"

"ಮೊದ್ಲು ಮಾಡ್ತಿದ್ದದ್ದೇ. ಕೆಳಗೆ."

ರೈಲು ಬಂತು. ಅಪ್ಪ ನನ್ನ ಪುಸ್ತಕದ ಪೆಟ್ಟಿಗೆಯನ್ನು ಎತ್ತಿ ಸೀಟಿನಡಿ ತಳ್ಳಿ, ಕೆಮ್ಮುತ್ತಾ ಇಳಿದುಹೋದ.