ಉಪ್ಪ ನೋಡುತ್ತಿದ್ದ ಆಟಗಾರ

ಬೆಳಿಗ್ಗೆ ಅವನು ಮೆಟ್ಟಿಲನ್ನು ಅಡ್ಡಡ್ಡವಾಗಿ ಇಳಿಯುತ್ತಿದ್ದ, ಏಡಿಯ ಹಾಗೆ. ಎಡಗೈಯಲ್ಲಿ ಕಬ್ಬಿಣದ ಕಂಬಿ ಹಿಡಿದು, ಬಲಗಾಲನ್ನು ಕೆಳಗಿನ ಮೆಟ್ಟಿಲಿಗೆ ಇಟ್ಟು, ಅದು ಭಾರ ತಡೆಯುತ್ತದೋ ಇಲ್ಲವೋ ಎಂದು ಒಂದು ಗಳಿಗೆ ಕಾದು, ಆಮೇಲೆ ಎಡಗಾಲನ್ನು ಅದರ ಪಕ್ಕಕ್ಕೆ ತರುತ್ತಿದ್ದ. ಎರಡೂ ಹೆಬ್ಬೆರಳಿನ ಉಗುರು ಕಪ್ಪು. ಬಲಗಾಲಿನ ಹರಡಿನ ಎರಡೂ ಬದಿಗೆ ಹೊಲಿಗೆಯ ಗುರುತು. ಮೂವತ್ತು ದಾಟಿ ಕೆಲವೇ ವರ್ಷಗಳಾದ ಗಂಡಸು ಹಾಗೆ ಇಳಿಯುವುದನ್ನು ಕಂಡರೆ ಯಾರಿಗಾದರೂ ಪಾಪ ಅನ್ನಿಸಬೇಕು. ಆದರೆ ಅದೇ ಮನುಷ್ಯ ಸಂಜೆ ಮೈದಾನದಲ್ಲಿ ಓಡುವುದನ್ನು ನಾನು ನೋಡಿದ್ದೆ. ನನಗೆ ಪಾಪ ಅನ್ನಿಸುತ್ತಿರಲಿಲ್ಲ, ಹೊಟ್ಟೆ ಉರಿಯುತ್ತಿತ್ತು.

ಒಮಾನಿನ ಸುವೈಕಿನಲ್ಲಿ ನನ್ನದೊಂದು ದಿನಸಿ ಅಂಗಡಿ. ಹಿಂದೆ ನಮ್ಮ ಮನೆ, ಮೇಲೊಂದು ಫ್ಲ್ಯಾಟು. ಅದನ್ನು ಅಲ್ಲೇ ಹತ್ತಿರದ ಒಂದು ಸಣ್ಣ ಫುಟ್‌ಬಾಲ್ ಕ್ಲಬ್ಬು ತನ್ನ ಹೊರದೇಶದ ಆಟಗಾರರಿಗಾಗಿ ಬಾಡಿಗೆಗೆ ಹಿಡಿದಿತ್ತು. ಆಫ್ರಿಕಾದವರು ಬಂದು ಹೋದರು, ಸಿರಿಯಾದವನೊಬ್ಬ ಬಂದು ಹೋದ. ಆಮೇಲೆ ಬಂದವನು ಈ ವಿಯೆಟ್ನಾಮಿನವನು. ಕ್ಲಬ್ಬು ದೊಡ್ಡದೇನಲ್ಲ, ಕೆಳಗಿನ ದರ್ಜೆಯಲ್ಲಿ ಆಡುವಂಥದು. ಆದರೂ ಅವನು ಆಡುವುದಕ್ಕೆಂದೇ ಸಂಬಳ ತೆಗೆದುಕೊಳ್ಳುವ ಆಟಗಾರ. ನಾನು ಅಂಥವನನ್ನು ಹತ್ತಿರದಿಂದ ಕಂಡದ್ದು ಅದೇ ಮೊದಲು.

ಅವನು ಅಂಗಡಿಗೆ ಮೊದಲ ಸಲ ಬಂದಾಗ ಉಪ್ಪ, ಅಂದರೆ ನನ್ನ ತಂದೆ, ಬಾಗಿಲ ಬಳಿಯ ಕುರ್ಚಿಯಲ್ಲಿದ್ದರು. ಮಂಗಳೂರಿನ ಮೀನುಬಂದರು ಧಕ್ಕೆಯಲ್ಲಿ ಅವರದು ಬಹಳ ವರ್ಷಗಳ ಒಣಮೀನಿನ ವ್ಯಾಪಾರ. ಉಮ್ಮ ತೀರಿಹೋದ ಮೇಲೆ ನಾನೇ ಅವರನ್ನು ಇಲ್ಲಿಗೆ ಕರೆಸಿಕೊಂಡಿದ್ದೆ. ಮೇಲಿನ ಮನೆಯವನು ಅಕ್ಕಿ, ಮೊಟ್ಟೆ ತೆಗೆದುಕೊಂಡ. ಒಣಮೀನಿನ ಡಬ್ಬಿಯ ಹತ್ತಿರ ನಿಂತು ಒಂದು ಮೀನನ್ನು ಎತ್ತಿ ಮೂಗಿಗೆ ಹಿಡಿದ. ಅದನ್ನು ಅಲ್ಲೇ ಇಟ್ಟ. ಅಡಿಯಿಂದ ಇನ್ನೊಂದನ್ನು ತೆಗೆದ.

ಅವನು ಹೋದ ಮೇಲೆ ಉಪ್ಪ ಹೇಳಿದರು: "ಕಂಡೆಯಾ ಅವ ಮೂಸಿದ್ದು? ಮೀನನ್ನು ಬಾಯಿಗಿಂತ ಮೊದಲು ಮೂಗಿಗೆ ಕೊಡುವವ ಕಡಲ ಕರೆಯವ. ಎಲ್ಲಿಯವನೇ ಆಗಲಿ, ನಮ್ಮವ."

ನನಗೆ ನಗು ಬಂತು. ಆದರೆ ಉಪ್ಪ ಹೇಳಿದ್ದು ಸರಿಯಾಗಿಯೇ ಇತ್ತು. ಅವನ ತಂದೆ ಅವರ ದೇಶದ ನಡುಭಾಗದ ಕರಾವಳಿಯಲ್ಲಿ ಮೀನು ಹಿಡಿಯುವವರು. ಹನ್ನೊಂದನೆಯ ವಯಸ್ಸಿಗೆ ಅವನನ್ನು ದೂರದ ಒಂದು ಫುಟ್‌ಬಾಲ್ ಶಾಲೆಗೆ ಆರಿಸಿದರಂತೆ. ಬಸ್ಸು ಹೊರಟಾಗ ತಂದೆ ಕಡಲಲ್ಲಿದ್ದರು. ದೋಣಿ ದಡಕ್ಕೆ ಬಂದ ಮೇಲೆಯೇ ಅವರಿಗೆ ಮಗ ಹೋದ ಸುದ್ದಿ ತಿಳಿದದ್ದು. ಇದನ್ನೆಲ್ಲ ಅವನು ಅಂಗಡಿಯಲ್ಲಿ ನಿಂತು, ಸ್ವಲ್ಪ ಪೇಟೆಯ ಅರಬಿಯಲ್ಲಿ, ಸ್ವಲ್ಪ ಹರಕು ಇಂಗ್ಲಿಷಿನಲ್ಲಿ, ಉಳಿದದ್ದನ್ನು ಮೊಬೈಲಿನಲ್ಲಿ ಅನುವಾದಿಸಿ ಹೇಳಿದ. ನಮ್ಮಿಬ್ಬರ ಮಾತೆಲ್ಲ ಹಾಗೆಯೇ. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ.

ಉಪ್ಪನಿಗೆ ಅರಬಿಯೂ ಬಾರದು, ಇಂಗ್ಲಿಷೂ ಬಾರದು. ಅವರಿಬ್ಬರೂ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದರೋ ನನಗೆ ಕೊನೆಗೂ ತಿಳಿಯಲಿಲ್ಲ. ಒಂದು ತಿಂಗಳೊಳಗೆ ಅವನು ನನ್ನ ಬಾಯಿಂದ ಕೇಳಿ ಕಲಿತ ಹೆಸರಲ್ಲಿ ಅವರನ್ನು "ಉಪ್ಪ" ಎಂದು ಕರೆಯತೊಡಗಿದ. ಉಪ್ಪ ಅವನನ್ನು "ಮೋನೆ" ಎಂದರು. ನಮ್ಮ ಬ್ಯಾರಿ ಮಾತಿನಲ್ಲಿ ಮೋನೆ ಎಂದರೆ ಮಗನೇ. ನನ್ನನ್ನು ಅವರು ಮೊದಲಿನಿಂದಲೂ ಕರೆಯುತ್ತಿದ್ದುದು "ಏಯ್" ಎಂದು.

ಇದು ಏಕೆ ನನ್ನನ್ನು ಚುಚ್ಚಿತು ಎಂದು ಹೇಳಬೇಕಾದರೆ ನನ್ನ ಆಟದ ವಿಷಯವನ್ನೂ ಹೇಳಬೇಕು. ಊರಿನಲ್ಲಿ ನಾನು ಬಲಬದಿಯ ಮುಂಚೂಣಿ ಆಟಗಾರನಾಗಿದ್ದೆ. ಉಳ್ಳಾಲದ ಕಡೆಯ ಪಂದ್ಯಗಳಲ್ಲಿ ನನ್ನ ಹೆಸರು ಮೈಕಿನಲ್ಲಿ ಕೇಳಿಬರುತ್ತಿತ್ತು. ಮಂಗಳೂರಿನ ಮೈದಾನದಲ್ಲಿ ಫೈನಲ್ ಆಡಿದ ದಿನ ಧಕ್ಕೆಯ ಹಮಾಲಿಗಳೆಲ್ಲ ಬಂದಿದ್ದರು. ಅಲ್ಲಿಂದ ನಡೆದೇ ಬರಬಹುದಾದ ದೂರದಲ್ಲಿದ್ದ ಉಪ್ಪ ಮಾತ್ರ ಬರಲಿಲ್ಲ. "ಚೆಂಡಿನ ಹಿಂದೆ ಓಡುವುದು ನಾಯಿಯ ಕೆಲಸ" ಎಂಬುದು ಅವರ ಮಾತು. ಅವರು ನನ್ನ ಒಂದು ಆಟವನ್ನೂ ನೋಡಲಿಲ್ಲ. ಆಮೇಲೆ ಮಾವ ವೀಸಾ ಕಳಿಸಿದರು, ನಾನು ಒಮಾನಿಗೆ ಬಂದೆ.

ಅಂಥ ಉಪ್ಪ ಈಗ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ, ತೊಳೆದ ಅಂಗಿ ಹಾಕಿಕೊಂಡು, ಅವನ ಜೊತೆ ಕ್ಲಬ್ಬಿನ ಮೈದಾನಕ್ಕೆ ಹೊರಡುತ್ತಿದ್ದರು. ಸಿಮೆಂಟಿನ ಮೆಟ್ಟಿಲ ಮೇಲೆ ಕುಳಿತು ಅಭ್ಯಾಸವನ್ನು ಪೂರ್ತಿ ನೋಡುತ್ತಿದ್ದರು. ಒಂದು ದಿನ ಊಟಕ್ಕೆ ಕುಳಿತಾಗ ತಟ್ಟೆಯಲ್ಲಿದ್ದ ಈರುಳ್ಳಿ ಚೂರುಗಳನ್ನು ಸಾಲಾಗಿ ಇಟ್ಟು, "ಇದು ಆಫ್‌ಸೈಡ್. ಚೆಂಡು ಬಿಡುವ ಹೊತ್ತಿಗೆ ಇವ ಇಲ್ಲಿರಬಾರದು" ಎಂದು ವಿವರಿಸಿದರು. ವಿವರಿಸಿದ್ದು ನನಗೆ.

"ಉಪ್ಪ, ನಾನು ಹತ್ತು ಹನ್ನೆರಡು ವರ್ಷ ಆಡಿದವನು" ಎಂದೆ.

"ನೀವೆಲ್ಲ ಆಡಿದ್ದು ಬೇರೆ" ಎಂದರು. "ಅದು ಆಟ. ಇವನದ್ದು ದುಡಿಮೆ. ಅಲ್ಲಿ ಕೂತು ನೋಡಿದರೆ ಗೊತ್ತಾಗ್ತದೆ."

ನಾನು ಅನ್ನ ಬಿಟ್ಟು ಎದ್ದೆ. ಅಡುಗೆಮನೆಯಲ್ಲಿ ಹೆಂಡತಿ ಕೇಳಿದಳು: "ನಿಮಗೆಂತ ಮಾರಾಯ್ರೆ, ಸಣ್ಣ ಮಕ್ಕಳ ಹಾಗೆ?" ನಲವತ್ತರ ಹತ್ತಿರದ ಮನುಷ್ಯ ಇನ್ನೊಬ್ಬರ ಮಗನ ಮೇಲೆ ಹೊಟ್ಟೆಕಿಚ್ಚು ಪಡುವುದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಉಪ್ಪ ದುಡಿಮೆ ಎಂದದ್ದು ಏನೆಂದು ನಿಧಾನವಾಗಿ ಕಂಡಿತು. ಅವನು ಸಕ್ಕರೆ ಮುಟ್ಟುತ್ತಿರಲಿಲ್ಲ. ಅಂಗಡಿಯಲ್ಲಿ ಚಹಾ ಕೊಟ್ಟರೆ ಲೋಟ ಹಿಡಿದು ಕೈ ಬೆಚ್ಚಗೆ ಮಾಡಿಕೊಂಡು, ಕುಡಿಯದೆ ಮರಳಿಸುತ್ತಿದ್ದ. ಅಭ್ಯಾಸ ಮುಗಿದ ಮೇಲೆ ನನ್ನ ಮೀನಿನ ಐಸುಪೆಟ್ಟಿಗೆಯಲ್ಲಿ ಕಾಲಿಟ್ಟುಕೊಂಡು ಕೂರುತ್ತಿದ್ದ. ಹಾಗೆ ಕೂತಾಗಲೇ ತನ್ನ ಕತೆಯ ಉಳಿದದ್ದನ್ನು ಹೇಳಿದ್ದು. ಕಿರಿಯರ ತಂಡದಲ್ಲಿ ದೇಶಕ್ಕಾಗಿ ಆಡಿದ. ಹಿರಿಯರ ತಂಡಕ್ಕೆ ಒಂದೇ ಸಲ ಕರೆ ಬಂತು. ಆ ಇಡೀ ಟೂರ್ನಿ ಬೆಂಚಿನ ಮೇಲೆ ಕೂತಿದ್ದು, ಮೈದಾನಕ್ಕೆ ಕಾಲಿಡದೆ ಮನೆಗೆ ಬಂದ. ಆ ಜೆರ್ಸಿ ಇನ್ನೂ ಅವನ ತಾಯಿಯ ಹತ್ತಿರ ಇದೆಯಂತೆ. "ಬೆವರು ತಾಗಿಲ್ಲ. ಒಗೆಯುವ ಕೆಲಸವೇ ಇಲ್ಲ" ಎಂದ. ಆಮೇಲೆ ಹರಡು ಮುರಿಯಿತು, ಶಸ್ತ್ರಚಿಕಿತ್ಸೆ ಆಯಿತು, ಅವನ ತಂಡ ಕೆಳದರ್ಜೆಗೆ ಇಳಿಯಿತು. ಒಂದು ವರ್ಷ ಥಾಯ್ಲೆಂಡಿನಲ್ಲಿ ಆಡಿದ. ಅಲ್ಲಿಂದ ಏಜೆಂಟೊಬ್ಬ ಇಲ್ಲಿಗೆ ತಂದ. ಅವನು ಇದನ್ನು ದುಃಖದ ಕತೆಯೆಂದು ಹೇಳಲಿಲ್ಲ, ಬಸ್ಸಿನ ನಿಲ್ದಾಣಗಳನ್ನು ಹೇಳುವಂತೆ ಹೇಳಿದ. ನನಗೋ, ಆ ಬೆವರು ತಾಗದ ಜೆರ್ಸಿಯ ಮೇಲೂ ಆಸೆ. ಅಂಥ ಬೆಂಚಿನಲ್ಲಿ ಕೂರಲಿಕ್ಕೂ ನನ್ನನ್ನು ಯಾರೂ ಕರೆದಿರಲಿಲ್ಲ.

ಅವನು ಬಂದ ಎರಡನೆಯ ವರ್ಷದ ಚಳಿಗಾಲದಲ್ಲಿ ಪಂದ್ಯಗಳಿಗೆ ಕೆಲವು ದಿನ ಬಿಡುವಿತ್ತು. ಹೆದ್ದಾರಿಯ ಆಚೆಯ ಮರಳು ಮೈದಾನದಲ್ಲಿ ಶುಕ್ರವಾರ ನಮ್ಮ ಕಡೆಯವರು, ಮಲಯಾಳಿಗಳು ಸೇರಿ ಆಡುತ್ತಿದ್ದೆವು. ಯಾರೋ ಅವನನ್ನೂ ಕರೆದರು, ಅವನು ಬಂದ. ಅವನ ಹಿಂದೆ ಉಪ್ಪನೂ ಬಂದರು. ನನ್ನ ಆಟಕ್ಕೆ ಉಪ್ಪ ಬಂದದ್ದು ಹಾಗೆ, ಅವನ ದೆಸೆಯಿಂದ.

ಅವನು ಎದುರು ತಂಡದ ರಕ್ಷಣೆಯಲ್ಲಿ ನಿಂತ. ಅರ್ಧ ಹೊತ್ತು ನನ್ನ ಕಾಲಿಗೆ ಚೆಂಡು ಸಿಗಲಿಲ್ಲ. ನಾನು ಎಲ್ಲಿ ಹೋಗಬೇಕೆಂದಿದ್ದೆನೋ ಅಲ್ಲಿ ಅವನು ಮೊದಲೇ ನಿಂತಿರುತ್ತಿದ್ದ. ಓಡುತ್ತಲೂ ಇರಲಿಲ್ಲ. ಕೊನೆಗೆ ಒಂದು ಚೆಂಡು ಬಲಬದಿಯಲ್ಲಿ ನನಗೆ ಸಿಕ್ಕಿತು. ಹೊರಗೆ ಹೋಗುವವನಂತೆ ತೋರಿಸಿ ಒಳಕ್ಕೆ ತಿರುಗಿದೆ. ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ನನ್ನ ಹಳೆಯ ತಂತ್ರ. ಅವನು ಹಿಂದೆ ಉಳಿದ. ಗೋಲು ಹೊಡೆದೆ.

ತಿರುಗಿ ಉಪ್ಪನ ಕಡೆ ನೋಡಿದೆ. ಅವರು ನೋಡುತ್ತಿದ್ದುದು ಅವನನ್ನು. ಅವನು ಮಂಡಿಗೆ ಎರಡೂ ಕೈ ಊರಿ, ತಲೆ ತಗ್ಗಿಸಿ ನಿಂತಿದ್ದ.

ಮನೆಗೆ ನಡೆಯುವಾಗ ಉಪ್ಪ, "ಮೋನೆಗೆ ಇವತ್ತು ಹುಷಾರಿಲ್ಲ ಕಾಣ್ತದೆ" ಎಂದರು.

"ನಾನು ಗೋಲು ಹೊಡೆದೆ, ಉಪ್ಪ."

"ನೋಡಿದೆ."

ಅಷ್ಟೇ. ಮರುದಿನ ಅವನು ಅಂಗಡಿಗೆ ಬಂದಾಗ ನಾನು ಕೇಳಿಯೇಬಿಟ್ಟೆ: "ನಿನ್ನೆ ನನಗೆ ಬಿಟ್ಟುಕೊಟ್ಟೆಯಾ? ನಮ್ಮ ಉಪ್ಪ ಇದ್ದಾರೆಂದು?"

ಅವನು ಮೊಟ್ಟೆಯ ಟ್ರೇಯನ್ನು ಕೆಳಗಿಟ್ಟ. "ಇಲ್ಲ. ನೀನು ಒಳಕ್ಕೆ ತಿರುಗುತ್ತೀ ಎಂದು ನನಗೆ ನಿನಗಿಂತ ಮೊದಲೇ ಗೊತ್ತಾಯಿತು. ಕಾಲಿಗೆ ಹೇಳಿದೆ. ಕಾಲು ಬರಲಿಲ್ಲ." ಮೊಟ್ಟೆಯ ಕಾಸು ಎಣಿಸಿಡುತ್ತ, "ಖಲಾಸ್" ಎಂದ. "ಈ ವರ್ಷ ಮುಗಿದ ಮೇಲೆ ಆಡುವುದಿಲ್ಲ. ಉಪ್ಪನಿಗೆ ಹೇಳಬೇಡ. ನಾನೇ ಹೇಳುತ್ತೇನೆ, ಕೊನೆಯ ಪಂದ್ಯ ಆದ ಮೇಲೆ."

ನನ್ನ ಗೋಲಿನ ಖುಷಿ ಅಲ್ಲಿಗೆ ಮುಗಿಯಿತು. ಒಬ್ಬ ಆಟಗಾರನ ಬದುಕು ಮುಗಿದದ್ದು ನನ್ನ ಮುಂದೆ, ಅದೂ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಆಡುವವರ ಮೈದಾನದಲ್ಲಿ. ಆದರೆ ಸತ್ಯ ಹೇಳಬೇಕು: ಆ ಗುಟ್ಟು ನನಗೆ ಸಿಹಿಯೂ ಆಗಿತ್ತು. ಉಪ್ಪನಿಗೆ ಗೊತ್ತಿಲ್ಲದ್ದೊಂದು ಅವನ ವಿಷಯ ನನಗೆ ಗೊತ್ತಿತ್ತು.

ವರ್ಷದ ಕೊನೆಯ ಪಂದ್ಯಕ್ಕೆ ನಾನೂ ಅಂಗಡಿ ಮುಚ್ಚಿ ಹೋದೆ, ಉಪ್ಪನ ಪಕ್ಕ ಕುಳಿತೆ. ಅಂದು ಅವನ ಕಾಲು ಇರಲಿಲ್ಲ, ಕಣ್ಣು ಮಾತ್ರ ಇತ್ತು. ಎದುರಾಳಿ ಚೆಂಡು ಬಿಡುವ ಮೊದಲೇ ಎರಡು ಹೆಜ್ಜೆ ಸರಿದು ನಿಲ್ಲುತ್ತಿದ್ದ. ತಾನು ಓಡಲಾರದ ಕಡೆಗೆ ಕೈ ತೋರಿಸಿ ಇನ್ನೊಬ್ಬನನ್ನು ಕಳಿಸುತ್ತಿದ್ದ. "ಇವತ್ತು ಒಳ್ಳೆ ಆಡ್ತಾ ಇದ್ದಾನೆ" ಎಂದು ಉಪ್ಪ ನನ್ನ ತೊಡೆ ತಟ್ಟಿದರು. ಆಟ ಮುಗಿಯಲು ಸ್ವಲ್ಪ ಇರುವಾಗ ತರಬೇತುದಾರ ಅವನನ್ನು ಹೊರಗೆ ಕರೆದ. ಬೆಂಚಿನವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನು ಬಗ್ಗಿ ಹುಲ್ಲನ್ನು ಒಮ್ಮೆ ಮುಟ್ಟಿ ಹೊರಬಂದ.

ಅಂದು ಉಪ್ಪನಿಗೆ ಅವನೇ ಹೇಳಿದ. ಎರಡೂ ಕೈಗಳನ್ನು ಕತ್ತರಿಯಂತೆ ಅಡ್ಡ ಹಿಡಿದು, ಕಾಲು ತೋರಿಸಿ, ತಲೆಯಾಡಿಸಿದ. ಉಪ್ಪ ಬಾಗಿ ಅವನ ಹರಡನ್ನು, ಧಕ್ಕೆಯಲ್ಲಿ ಮೀನು ಒತ್ತಿ ನೋಡುತ್ತಿದ್ದ ಹಾಗೆ, ಹೆಬ್ಬೆರಳಿನಿಂದ ಒತ್ತಿ ನೋಡಿದರು. ಮನೆಯಲ್ಲಿ ಊಟ ಮಾಡಲಿಲ್ಲ. "ಇನ್ನು ಅವ ಎಂತ ಮಾಡ್ತಾನೆ?" ಎಂದು ನನ್ನನ್ನು ಕೇಳಿದರು. ಅವನು ಕಲಿತ ಆ ಹಳೆಯ ಫುಟ್‌ಬಾಲ್ ಶಾಲೆಯಲ್ಲೇ ಮಕ್ಕಳಿಗೆ ಕಲಿಸುವ ಕೆಲಸ ಸಿಗುತ್ತದಂತೆ ಎಂದೆ. "ಹಾಗಾದರೆ ಬಿಡಿ" ಎಂದರು. ಯಾರಿಗೆ "ಬಿಡಿ" ಎಂದರೋ ಗೊತ್ತಿಲ್ಲ, ಕೋಣೆಯಲ್ಲಿ ಇದ್ದವನು ನಾನೊಬ್ಬನೇ.

ಮರುದಿನ ಮೇಲೆ ಅವನ ಸಾಮಾನು ಕಟ್ಟಲು ಹೋದೆ. ಮಾತಿಗೆ ಮಾತು ಬಂದು ನನ್ನೊಳಗಿನದು ಹೊರಬಿತ್ತು. "ನೀನು ಪುಣ್ಯವಂತ" ಎಂದೆ. "ನಿನ್ನ ಕೊನೆಯ ಆಟ ಯಾವುದೆಂದು ನಿನಗೆ ಗೊತ್ತಿತ್ತು. ನಾನು ಊರಿನಲ್ಲಿ ಒಂದು ಭಾನುವಾರ ಆಡಿ, ಬೂಟನ್ನು ಮನೆಯ ಹಿಂದೆ ಒಣಗಲಿಟ್ಟೆ. ಆ ವಾರ ವೀಸಾ ಬಂತು. ಅದೇ ಕೊನೆಯದೆಂದು ನನಗೂ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಅಂದು ಯಾರ ಎದುರು ಆಡಿದೆ ಎಂಬುದೂ ಮರೆತುಹೋಗಿದೆ."

"ಶುಕ್ರವಾರದ ಆಟ?" ಎಂದು ಕೇಳಿದ.

"ಅದು ಆಟವಾ? ಹೊಟ್ಟೆ ಕರಗಿಸಲಿಕ್ಕೆ ಓಡುವುದು."

ಅವನು ಅಂಗಿ ಮಡಚುತ್ತ ಹೋದ.

ಅವನು ಹೊರಡುವ ಮೊದಲಿನ ಶುಕ್ರವಾರ ಎಲ್ಲರೂ ಸೇರಿದ್ದರು. ಅವನಿಗೆ ಬೀಳ್ಕೊಡುಗೆ ಎಂದು ನಾನು ತಿಳಿದಿದ್ದೆ. ಹೆಂಡತಿ ಬಿರಿಯಾನಿ ಮಾಡಿ ಕಳಿಸಿದ್ದಳು. ಅವನು ಆಡಲಿಲ್ಲ, ಗೆರೆಯ ಹೊರಗೆ ನಿಂತಿದ್ದ. ದ್ವಿತೀಯಾರ್ಧದ ನಡುವೆ ಒಮ್ಮೆ ಚೆಂಡು ಹೊರಗೆ ಹೋದಾಗ ಆಟ ನಿಂತಿತು. ನೋಡಿದರೆ ಅವನು ರಟ್ಟಿನ ತುಂಡೊಂದನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಾನೆ. ಅದರಲ್ಲಿ ಬರೆದದ್ದು ನನ್ನ ಬೆನ್ನ ಮೇಲಿನ ಅಂಕೆ. ನನ್ನನ್ನು ಹೊರಗೆ ಕರೆಯುತ್ತಿದ್ದ.

ನನಗಿನ್ನೂ ಆಡುವ ಮನಸ್ಸಿತ್ತು, ಕಾಲಲ್ಲಿ ಶಕ್ತಿಯೂ ಇತ್ತು. "ಯಾಕೆ?" ಎಂದು ಕೂಗಿ ಕೇಳಿದೆ. ಎರಡೂ ತಂಡದವರು ನಿಂತಲ್ಲೇ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟತೊಡಗಿದರು. ಅವನು ಅವರಿಗೆಲ್ಲ ಮೊದಲೇ ಹೇಳಿಟ್ಟಿದ್ದ. ಬೀಳ್ಕೊಡುಗೆ ನನಗೆ ಎಂದು ಆಗ ಅರ್ಥವಾಯಿತು. ನಾಚಿಕೆಯಾಗಿ, ಬೇಗ ಮುಗಿಯಲಿ ಎಂದು ಗೆರೆಯ ಕಡೆ ಓಡಿದೆ.

"ಶುವಯ್ಯ, ಶುವಯ್ಯ" ಎಂದು ಅವನು ಕೂಗಿದ. ನಿಧಾನ, ನಿಧಾನ. "ಓಡಬೇಡ. ಇದು ಮತ್ತೆ ಸಿಗುವುದಿಲ್ಲ. ನಡೆದು ಬಾ."

ನಡೆದು ಬಂದೆ. ಉಪ್ಪ ಎದ್ದು ನಿಂತಿದ್ದರು. ಗೆರೆಯ ಹತ್ತಿರ ಬಂದು ಮೊದಲು ಕೈಯಿಟ್ಟದ್ದು ಅವನ ಹೆಗಲ ಮೇಲೆ. ಆ ಹೊತ್ತಿನಲ್ಲೂ ಅದು ನನ್ನ ಕಣ್ಣಿಗೆ ಬಿತ್ತು. ಆಮೇಲೆ ನನ್ನ ಕಡೆ ತಿರುಗಿದರು, ಬಾಟಲಿ ಚಾಚಿದರು. "ನೀರು ಕುಡಿ" ಎಂದರು.

ಅವನು ಈಗ ತನ್ನ ದೇಶದ ಆ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದಾನೆ. ವಾರಕ್ಕೊಮ್ಮೆ ಉಪ್ಪನಿಗೆ ವೀಡಿಯೊ ಕರೆ ಬರುತ್ತದೆ. ಇಬ್ಬರೂ ಬಹಳ ಹೊತ್ತು ಏನೋ ಮಾತಾಡುತ್ತಾರೆ, ನಗುತ್ತಾರೆ. ನನ್ನ ಕೈಗೆ ಫೋನು ಬರುವುದು ಚಾರ್ಜು ಮುಗಿದ ಮೇಲೆ. ನನ್ನ ಹೊಟ್ಟೆಯುರಿ ಪೂರ್ತಿ ಆರಿಲ್ಲ, ಆರಬೇಕೆಂಬ ಆಸೆಯೂ ಈಗ ಇಲ್ಲ. ನಾನು ಮತ್ತೆ ಆಡಲಿಲ್ಲ. ಅಷ್ಟು ಮರ್ಯಾದೆಯಿಂದ ಕಳಿಸಿಕೊಟ್ಟ ಮೇಲೆ ಮರಳಿ ಮೈದಾನಕ್ಕಿಳಿಯುವುದು ಹೇಗೆ? ಶುಕ್ರವಾರ ಹೊರಗೆ ಕೂತು ನೋಡುತ್ತೇನೆ. ಹೊಸಬರು ಯಾರಾದರೂ ನೀವು ಯಾವಾಗ ಬಿಟ್ಟಿರಿ ಎಂದು ಕೇಳಿದರೆ ದಿನ ಹೇಳುತ್ತೇನೆ. ಅಂದು ನಮ್ಮ ಉಪ್ಪ ನೋಡಲು ಬಂದಿದ್ದರು ಎಂದೂ ಹೇಳುತ್ತೇನೆ.